ತರ್ಫಾಯಾದ ಹಸಿರು ಚುಕ್ಕೆ

ತೂರಿಯಾಳ ಅಪ್ಪ ಅಲ್ಲಾಲ್ ಮೆಹ್ದಿಯಾ ಬಂದರಿನಲ್ಲಿ ಇಪ್ಪತ್ತೊಂಬತ್ತು ವರ್ಷ ರೇಡಿಯೊ ಮುಂದೆ ಕೂತವನು. ದೋಣಿಗಳು ಕರೆದರೆ ಓಗೊಡುವುದು, ಓಗೊಟ್ಟದ್ದನ್ನು ದಪ್ಪ ರಟ್ಟಿನ ಪುಸ್ತಕದಲ್ಲಿ ಬರೆದಿಡುವುದು ಅವನ ಕೆಲಸ. ಒಂದು ರಮದಾನಿನ ಸಂಜೆ ಅಜಾನ್ ಕೇಳಿದ ಮೇಲೆ, ಒಂದು ಬಟ್ಟಲು ಬಿಸಿ ಹರೀರಾ ಸಾರು ಕುಡಿದು ಬರೋಣವೆಂದು ಪಕ್ಕದ ಕೋಣೆಗೆ ಎದ್ದುಹೋದ. ಮರಳಿ ಬಂದಾಗ ರೇಡಿಯೊ ಎಂದಿನಂತೆ ಗೊರಗುಟ್ಟುತ್ತಿತ್ತು. ಐದು ಜನರಿದ್ದ ಒಂದು ದೋಣಿ ಮಾರನೆಯ ಬೆಳಿಗ್ಗೆ ದಡಕ್ಕೆ ಬರಲಿಲ್ಲ. ವಿಚಾರಣೆಗೆ ಬಂದವರಿಗೆ ಅವನು ಪುಸ್ತಕ ತೋರಿಸಿದ. ಅದರಲ್ಲಿ ಅವನದೇ ಅಕ್ಷರದಲ್ಲಿ 'ಕರೆ ಕೇಳಿಸಲಿಲ್ಲ' ಎಂದಿತ್ತು. ಅದು ಸುಳ್ಳೇನೂ ಅಲ್ಲ. ಅಂದಿನಿಂದ ಅವನು ಹರೀರಾ ಮುಟ್ಟಲಿಲ್ಲ, ಯಾಕೆಂದು ಹೆಂಡತಿಗೂ ಹೇಳಲಿಲ್ಲ. ಹೇಳಿದ್ದು ಒಮ್ಮೆ ಮಾತ್ರ, ಮಗಳಿಗೆ. ಆಗ ಅವಳಿಗೆ ಹತ್ತೊಂಬತ್ತು ವರ್ಷ. ಕೆನಿತ್ರಾದಲ್ಲಿ ಭೌತಶಾಸ್ತ್ರ ಓದುತ್ತಿದ್ದಳು.

ಈಗ ತೂರಿಯಾಳಿಗೆ ನಲವತ್ತಮೂರು. ಮದುವೆ ಎರಡು ವರ್ಷ ನಡೆದು ನಿಂತುಹೋಯಿತು. ತಾಯಿ ತೀರಿದ ಮೇಲೆ ಅಪ್ಪನನ್ನು ಸಲೆ ಪಟ್ಟಣಕ್ಕೆ ಕರೆದುಕೊಂಡು ಬಂದಳು. ನಾಲ್ಕನೆಯ ಮಹಡಿಯ ಮನೆ. ಅಡುಗೆಮನೆಯ ಪಕ್ಕದ ಚಿಕ್ಕ ಕೋಣೆಯೇ ಅವಳ ಕಚೇರಿ. ಅಪ್ಪ ಮಾಡುತ್ತಿದ್ದ ಕೆಲಸವನ್ನೇ ಅವಳ ಕಂಪನಿ ಬೇರೆ ರೀತಿಯಲ್ಲಿ ಮಾಡುತ್ತದೆ. ಲರಾಶ್‌ನಿಂದ ಅಗಾದಿರ್‌ವರೆಗಿನ ಇನ್ನೂರ ಹನ್ನೆರಡು ಮೀನುಗಾರಿಕೆ ದೋಣಿಗಳಲ್ಲಿ ಅದರ ಪೆಟ್ಟಿಗೆಗಳಿವೆ. ಪೆಟ್ಟಿಗೆ ಹತ್ತು ನಿಮಿಷಕ್ಕೊಮ್ಮೆ ದೋಣಿ ಇರುವ ಜಾಗವನ್ನು ಉಪಗ್ರಹಕ್ಕೆ ಹೇಳುತ್ತದೆ. ಅದರ ಮೇಲೊಂದು ಕೆಂಪು ಗುಂಡಿಯಿದೆ. ಅಪಾಯ ಬಂದಾಗ ಅದನ್ನು ಒತ್ತಿದರೆ ಕಾವಲುಗಾರರ ಪರದೆಯ ಮೇಲೆ ದೋಣಿಯ ಗುರುತು ಕೆಂಪಾಗಿ ಮಿಣುಕುತ್ತದೆ, ಕಿವಿಗೆ ಹಾಕಿದ ಹೆಡ್‌ಫೋನಿನಲ್ಲಿ ಸದ್ದಾಗುತ್ತದೆ.

ಕಾವಲುಗಾರರಿಗೆ ಕಚೇರಿ ಎಂಬುದಿಲ್ಲ. ಊಜ್ದಾ, ಗೆರ್ಸಿಫ್, ಫೆಸ್, ತರ್ಫಾಯಾ, ಹೀಗೆ ಅವರವರ ಊರಿನ ಅವರವರ ಮನೆಯಲ್ಲಿ ಕೂತಿರುತ್ತಾರೆ. ಮನೆಯಲ್ಲಿರುವ ಕಂಪ್ಯೂಟರ್ ಬರೀ ಕಿಟಕಿ. ನಕ್ಷೆ ಓಡುವ ನಿಜವಾದ ಯಂತ್ರ ಕಡಲಾಚೆ ಎಲ್ಲೋ ಬಾಡಿಗೆಯ ಕ್ಲೌಡ್‌ನಲ್ಲಿದೆ. ಅಲ್ಲಿಂದ ಚಿತ್ರವಷ್ಟೇ ಮನೆಗೆ ಹರಿದು ಬರುತ್ತದೆ, ಮನೆಯಿಂದ ಕೈಯ ಚಲನೆಯಷ್ಟೇ ಅಲ್ಲಿಗೆ ಹೋಗುತ್ತದೆ. ಆ ಯಂತ್ರಗಳನ್ನು ಒಂದೇ ಅಚ್ಚಿನಿಂದ ತೆಗೆದು ನಿಲ್ಲಿಸುವುದು, ಪಾಳಿಗೆ ಎಬ್ಬಿಸುವುದು, ಪಾಳಿ ಮುಗಿದ ಮೇಲೆ ಮಲಗಿಸುವುದು, ಕೆಟ್ಟದ್ದನ್ನು ಎಸೆದು ಹೊಸದನ್ನು ಕೊಡುವುದು ತೂರಿಯಾಳ ಕೆಲಸ. ಅವಳ ಪರದೆಯ ಮೇಲೆ ಒಬ್ಬೊಬ್ಬ ಕಾವಲುಗಾರರದೂ ಒಂದೊಂದು ಸಾಲು. ಸಾಲಿನ ತುದಿಯಲ್ಲಿ ಒಂದು ಚುಕ್ಕೆ. ಕೈ ಆಡುತ್ತಿದ್ದರೆ ಹಸಿರು. ಹತ್ತು ನಿಮಿಷ ಕೈ ಆಡದಿದ್ದರೆ ಹಳದಿ.

"ಬಂತೇನೇ ನಿನ್ನ ಹಸಿರು ಮೊಡವೆಗಳ ಹೊತ್ತು?" ಎಂದು ಅಲ್ಲಾಲ್ ಮಗಳನ್ನು ಛೇಡಿಸುತ್ತಿದ್ದ.

"ಮೊಡವೆ ಅಲ್ಲಪ್ಪಾ, ಜನ."

"ಜನ ಆದ್ರೆ ಕೆಮ್ಮೋದು ಕೇಳಿಸ್ಬೇಕು."

ರಮದಾನಿನ ಸಂಜೆಯ ಪಾಳಿಯನ್ನು ಹೇಗೆ ನಡೆಸುವುದೆಂಬ ಚರ್ಚೆ ಬಂದಾಗ ತೂರಿಯಾ ಒಂದು ಲೆಕ್ಕ ಹಾಕಿ ಮೇಲಧಿಕಾರಿ ಜವಾದ್‌ಗೆ ಕೊಟ್ಟಳು. ಸೂರ್ಯ ಇಡೀ ದೇಶಕ್ಕೆ ಒಟ್ಟಿಗೆ ಮುಳುಗುವುದಿಲ್ಲ. ಮೂಡಣ ತುದಿಯ ಊಜ್ದಾ ಕಡೆ ಆರು ಇಪ್ಪತ್ತಕ್ಕೆ ಉಪವಾಸ ಬಿಟ್ಟರೆ, ಸಲೆ ಮತ್ತು ಫೆಸ್ ಕಡೆಯವರು ಹದಿನೈದಿಪ್ಪತ್ತು ನಿಮಿಷ ಬಿಟ್ಟು ಬಿಡುತ್ತಾರೆ. ಪಡುವಣ ತುದಿಯ ತರ್ಫಾಯಾಕ್ಕೆ ಆರೂವರೆಯೂ ಆರೂಮುಕ್ಕಾಲೂ ಕಳೆದು ಏಳು ದಾಟಬೇಕು. ಹಾಗಾಗಿ ಒಬ್ಬರು ಉಣ್ಣಲು ಎದ್ದಾಗ ಇನ್ನೊಬ್ಬರು ಕೂತಿರುತ್ತಾರೆ. ಮೂಡಣದವರು ಆರು ಐವತ್ತೈದಕ್ಕೆ ಮರಳಬೇಕು. ಸಲೆಯಲ್ಲಿ ಅಜಾನ್ ಆಗುವ ಆರು ಮೂವತ್ತೊಂಬತ್ತರಿಂದ ಅಲ್ಲಿಯವರೆಗೆ, ಅಂದರೆ ಹದಿನಾರು ನಿಮಿಷ, ಇಡೀ ಕಡಲನ್ನು ತರ್ಫಾಯಾದ ಹ್ನಿಯಾ ಒಬ್ಬಳೇ ಕಾಯಬೇಕು. ಅವಳಿಗೆ ಆಗಿನ್ನೂ ಹಗಲು.

"ಲಲ್ಲಾ ತೂರಿಯಾ, ನೀವು ಸೂರ್ಯನ್ನೂ ಪಾಳಿಗೆ ಹಾಕ್ಬಿಟ್ರಲ್ಲ!" ಎಂದು ಜವಾದ್ ನಕ್ಕು ಒಪ್ಪಿದ.

ಆ ಹದಿನಾರು ನಿಮಿಷ ತೂರಿಯಾಳಿಗೆ ಬರೀ ಪಾಳಿಯ ಮಾತಾಗಿರಲಿಲ್ಲ. ಅಪ್ಪ ಎದ್ದುಹೋದ ಹೊತ್ತು ಅದು. ತನ್ನ ಪಟ್ಟಿಯಿರುವವರೆಗೆ ಆ ಹೊತ್ತಿನಲ್ಲಿ ಕಡಲಿನಿಂದ ಬಂದ ಕರೆಗೆ ಉತ್ತರ ಸಿಗದೆ ಹೋಗಬಾರದು ಎಂದು ಅವಳು ಯಾರಿಗೂ ಹೇಳದೆ ಹಟ ತೊಟ್ಟಿದ್ದಳು. ಅದಕ್ಕೇ ತಾನೂ ಮೇಜು ಬಿಟ್ಟು ಏಳುತ್ತಿರಲಿಲ್ಲ. ಮೂರು ಖರ್ಜೂರ, ಒಂದು ಲೋಟ ಹಾಲು ತಂದಿಟ್ಟುಕೊಂಡು, ಅಜಾನ್ ಆದಾಗ ಪಟ್ಟಿ ನೋಡುತ್ತಲೇ ಉಪವಾಸ ಬಿಡುತ್ತಿದ್ದಳು.

ಮೊದಲ ಹತ್ತು ದಿನ ನೂಲು ಹಿಡಿದಂತೆ ನಡೆಯಿತು. ಪಾಳಿಯ ಒಂಬತ್ತು ಚುಕ್ಕೆಗಳಲ್ಲಿ ಒಂದೂ ಹಳದಿಯಾಗಲಿಲ್ಲ. ಉಣ್ಣಲು ಎದ್ದವರ ಚುಕ್ಕೆ ಹಳದಿಯಾಗಬೇಕಿತ್ತು. ಎಲ್ಲರೂ ತನ್ನಂತೆಯೇ ತಟ್ಟೆಯನ್ನು ಮೇಜಿಗೆ ತಂದುಕೊಂಡು ಕೂತಿದ್ದಾರೆ ಎಂದುಕೊಂಡು ತೂರಿಯಾ ಅವರ ಮೇಲೆ ಇನ್ನಷ್ಟು ಅಕ್ಕರೆ ಪಟ್ಟಳು.

ಅವಳಿಗೆ ಇನ್ನೊಂದು ಅಭ್ಯಾಸವಿತ್ತು. ಪ್ರತಿ ಸಾಲಿನಲ್ಲೂ ಕೈಯಾಡಿಸಿದ ಸುದ್ದಿ ಕ್ಲೌಡ್‌ಗೆ ಹೋಗಿ ಬರಲು ಹಿಡಿಯುವ ಕಾಲವನ್ನು, ಸೆಕೆಂಡಿನ ಸಾವಿರದ ಭಾಗಗಳಲ್ಲಿ, ದಿನವೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. ಊರು ದೂರವಾದಷ್ಟೂ ಆ ಸಂಖ್ಯೆ ದೊಡ್ಡದು. ತರ್ಫಾಯಾದ ಹ್ನಿಯಾಳದು ವರ್ಷಗಟ್ಟಲೆ ತೊಂಬತ್ತನಾಲ್ಕರ ಆಸುಪಾಸಿನಲ್ಲಿತ್ತು. ರಮದಾನಿನ ಮೂರನೆಯ ದಿನ ಅದು ಐವತ್ತೊಂದಕ್ಕೆ ಇಳಿಯಿತು, ಅಲ್ಲೇ ನಿಂತಿತು. ತೂರಿಯಾ ಅದನ್ನು ಬರೆದು ಪಕ್ಕದಲ್ಲಿ ಹೀಗೆ ಸೇರಿಸಿದಳು: 'ತರ್ಫಾಯಾ ಲೈನು ಸುಧಾರಿಸಿದೆ. ಒಳ್ಳೆಯದು.'

ಹನ್ನೊಂದನೆಯ ದಿನ ಬೆಳಿಗ್ಗೆಯಿಂದ ಗಾಳಿ ಇರಲಿಲ್ಲ. ಮಧ್ಯಾಹ್ನದ ಮೇಲೆ ಕಡಲ ಕಡೆಯಿಂದ ಬಿಳಿ ಮಂಜು ಎದ್ದು ಬಂದು ಮನೆಗಳ ನಡುವೆ ನಿಂತಿತು. ಅಲ್ಲಾಲ್ ಬಾಲ್ಕನಿಯಲ್ಲಿ ಕೂತು ಮೂಗರಳಿಸಿ ನೋಡಿದ.

"ಇವತ್ತು ಯಾರಾದ್ರೂ ಹೊರಗೆ ಹೋಗಿದಾರಾ?"

"ಮೆಹ್ದಿಯಾದಿಂದ ಹದಿನಾಲ್ಕು ದೋಣಿ ಹೋಗಿವೆ ಅಪ್ಪಾ."

"ಹೂಂ," ಎಂದ. ಕುರ್ಚಿ ಒಳಕ್ಕೆ ಎಳೆದುಕೊಳ್ಳುತ್ತಾ, "ನೀನು ಕೂತಿದೀಯಲ್ಲ," ಎಂದ.

ಆರು ಮೂವತ್ತೊಂಬತ್ತಕ್ಕೆ ಅಜಾನ್ ಆಯಿತು. ತೂರಿಯಾ ಒಂದು ಖರ್ಜೂರ ಬಾಯಿಗೆ ಹಾಕಿಕೊಂಡು ಪಟ್ಟಿ ನೋಡಿದಳು. ಒಂಬತ್ತೂ ಹಸಿರು. ಹಾಲು ಕುಡಿದಳು. ಕೆಳಗಿನ ಬೀದಿಯಲ್ಲಿ ಒಂದು ಕಾರೂ ಇರಲಿಲ್ಲ. ಆ ಹೊತ್ತಿನಲ್ಲಿ ಇಡೀ ಊರು ಉಸಿರು ಹಿಡಿದಂತೆ ಇರುತ್ತದೆ. ಅವಳು ಇದನ್ನು ಚಿಕ್ಕಂದಿನಿಂದ ಬಲ್ಲಳು, ಆದರೂ ಅಂದು ಎದ್ದು ಕಿಟಕಿ ಮುಚ್ಚಿದಳು.

ಮರಳಿ ಕೂತಾಗ ಆರು ನಲವತ್ತೇಳು. ಕೈಯ ಚಲನೆಗಳನ್ನು ಎಣಿಸಿ ಗೆರೆ ಬಿಡಿಸುವ ಇನ್ನೊಂದು ಪುಟವನ್ನು ತೆರೆದಳು. ಮನುಷ್ಯರ ಕೈಗೆ ಒಂದು ಗುಣವಿದೆ. ಅದು ಏಳುತ್ತದೆ, ಬೀಳುತ್ತದೆ, ತಲೆ ಕೆರೆಯಲು ಹೋಗುತ್ತದೆ, ಮತ್ತೆ ಬರುತ್ತದೆ. ಅದರ ಗೆರೆ ಯಾವಾಗಲೂ ಹಲ್ಲುಹಲ್ಲು. ಹ್ನಿಯಾಳ ಗೆರೆ ಆರು ಇಪ್ಪತ್ತೆರಡರವರೆಗೆ ಹಲ್ಲುಹಲ್ಲಾಗಿತ್ತು. ಅಲ್ಲಿಂದ ಮುಂದೆ ಅಳತೆಪಟ್ಟಿ ಇಟ್ಟು ಎಳೆದಷ್ಟು ನೇರ. ಸೆಕೆಂಡಿಗೆ ಒಂದು ಚಲನೆ, ಹೆಚ್ಚಿಲ್ಲ, ಕಡಿಮೆಯಿಲ್ಲ.

ತೂರಿಯಾ ಹಾಲಿನ ಲೋಟವನ್ನು ಪಕ್ಕಕ್ಕೆ ತಳ್ಳಿದಳು.

ತೊಂದರೆ ಇದ್ದಾಗ ಕಾವಲುಗಾರರ ಪರದೆಯನ್ನು ಕೇಳದೆ ನೋಡುವ ಅಧಿಕಾರ ಅವಳಿಗಿತ್ತು. ಹ್ನಿಯಾಳ ಪರದೆ ತೆರೆದಳು. ಕಡಲ ನಕ್ಷೆ, ಅದರ ಮೇಲೆ ದೋಣಿಗಳ ಗುರುತುಗಳು. ಒಂದು ಮೂಲೆಯಲ್ಲಿ ಮೌಸಿನ ಬಾಣ ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ, ತಾನೇ ತಾನಾಗಿ ನಡುಗುತ್ತಿತ್ತು. ಒಂದು. ಒಂದು. ಒಂದು. ಹಿಂದೆ ಯಾರೋ ಕಾವಲುಗಾರರ ಗುಂಪಿನಲ್ಲಿ ಬರೆದ ತಮಾಷೆ ಅವಳಿಗೆ ನೆನಪಾಯಿತು: ಕೈಗಡಿಯಾರ ಬಿಚ್ಚಿ ಮೌಸಿನ ಹೊಟ್ಟೆಯ ಕೆಳಗಿಡಿ, ಸೆಕೆಂಡಿನ ಮುಳ್ಳು ನಿಮ್ಮ ಪರವಾಗಿ ದುಡಿಯುತ್ತದೆ, ನೀವು ಹರೀರಾ ಕುಡಿದು ಬನ್ನಿ. ಅದನ್ನು ಓದಿ ಅವಳೂ ನಕ್ಕಿದ್ದಳು.

ನಕ್ಷೆಯ ನಡುವೆ, ಮೆಹ್ದಿಯಾದಿಂದ ಹದಿನೆಂಟು ಮೈಲಿ ಹೊರಗೆ, 'ನೂರ್ ಅಲ್-ಗರ್ಬ್' ಎಂಬ ದೋಣಿಯ ಗುರುತು ಕೆಂಪಾಗಿ ಮಿಣುಕುತ್ತಿತ್ತು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ: ಏಳು ಜನ. ಕರೆ, ಆರು ನಲವತ್ತೊಂದು. ಕರೆ, ಆರು ನಲವತ್ತಮೂರು. ಕರೆ, ಆರು ನಲವತ್ತನಾಲ್ಕು. ಆಮೇಲೆ ಕರೆ ಇಲ್ಲ.

ನೋಡುವ ಅಧಿಕಾರ ಇತ್ತು, ಮುಟ್ಟುವ ಅಧಿಕಾರ ಇರಲಿಲ್ಲ. ಪರದೆಯ ಒಡತಿ ಒಪ್ಪಿದರೆ ಮಾತ್ರ ಮುಟ್ಟಬಹುದು. ತೂರಿಯಾ ಕೇಳಿದಳು. 'ನಿರ್ವಾಹಕರು ನಿಮ್ಮ ಯಂತ್ರ ನಡೆಸಲು ಬಯಸುತ್ತಾರೆ, ಒಪ್ಪುತ್ತೀರಾ?' ಎಂಬ ಬಿಳಿ ಚೌಕ ಹ್ನಿಯಾಳ ಪರದೆಯ ನಟ್ಟನಡುವೆ ಎದ್ದು ಆ ಕೆಂಪು ಗುರುತನ್ನೇ ಮುಚ್ಚಿತು. ಒಪ್ಪಲು ಅಲ್ಲಿ ಯಾರೂ ಇರಲಿಲ್ಲ. ಬಾಣ ಚೌಕದ ಹೊರಗೆ ನಡುಗುತ್ತಲೇ ಇತ್ತು. ಅವಳು ತನಗೇ ಒಂದು ಕಾವಲು ಯಂತ್ರವನ್ನು ಎಬ್ಬಿಸಲು ಹೇಳಿದಳು. ಮಲಗಿದ ಯಂತ್ರ ಏಳಲು ನಾಲ್ಕು ನಿಮಿಷ ಬೇಕು. ದೋಣಿಗಳ ಫೋನ್ ನಂಬರುಗಳೂ ರಕ್ಷಣಾ ಕೇಂದ್ರಕ್ಕೆ ಸಂದೇಶ ಕಳಿಸುವ ದಾರಿಯೂ ಆ ಯಂತ್ರದೊಳಗಲ್ಲದೆ ಬೇರೆಲ್ಲೂ ಇರಲಿಲ್ಲ. ಅಷ್ಟರಲ್ಲಿ ಹ್ನಿಯಾಳ ಫೋನಿಗೆ ಕರೆ ಮಾಡಿದಳು. ರಿಂಗಾಗಿ ನಿಂತಿತು. ಮತ್ತೆ ಮಾಡಿದಳು. ಮೂರನೆಯ ಸಲ ಎತ್ತಿದಳು.

"ಹಾಂ ಅಕ್ಕಾ, ಹೇಳಿ," ಹ್ನಿಯಾ ಏದುಸಿರಿನಲ್ಲಿ ಅಂದಳು.

"ಎಲ್ಲಿದೀಯ ನೀನು?"

"ಇಲ್ಲೇ, ಮೇಜಿನ ಮುಂದೇನೇ."

"ಯಾವ ಊರಲ್ಲಿದೀಯ ಅಂತ ಕೇಳಿದ್ದು."

"ತರ್ಫಾಯಾದಲ್ಲಿ ಅಕ್ಕಾ, ಇನ್ನೆಲ್ಲಿ?"

ಅವಳ ಬೆನ್ನ ಹಿಂದೆ ಬಟ್ಟಲಿಗೆ ಚಮಚ ತಾಗುವ ಸದ್ದು. ನಾಲ್ಕೈದು ಜನರ ಮಾತು. ಒಂದು ಮುದಿ ಹೆಂಗಸಿನ ದನಿ, "ಬಾರೇ ಹ್ನಿಯಾ, ಆರಿಹೋಗ್ತದೆ!"

"ತರ್ಫಾಯಾದಲ್ಲಿ ಇನ್ನೂ ಸೂರ್ಯ ಮುಳುಗಿಲ್ಲ," ತೂರಿಯಾ ಮೆಲ್ಲಗೆ ಹೇಳಿದಳು. "ನಿನ್ನ ಹಿಂದೆ ಚಮಚದ ಸದ್ದು ಬರ್ತಿದೆ."

ಹ್ನಿಯಾಳ ದನಿ ತಗ್ಗಿತು.

"ಊಜ್ದಾ ಹತ್ತಿರ, ಬರ್ಕಾನಿಗೆ ಬಂದಿದೀನಿ ಅಕ್ಕಾ, ಅಮ್ಮನ ಮನೆಗೆ. ಅಮ್ಮಂಗೆ ಸೊಂಟ ಮುರಿದಿತ್ತು... ಕೇಳಿದ್ರೆ ಪಾಳಿ ತೆಗೀತಾರೆ ಅಂತ ಹೇಳ್ಲಿಲ್ಲ. ಐದೇ ನಿಮಿಷ ಅಂತ ಎದ್ದೆ. ಯಾಕೆ, ಏನಾಯ್ತು?"

"ಓಡು. ಪರದೆ ಮುಂದೆ ಕೂತ್ಕೋ. ಬಿಳಿ ಚೌಕ ತೆಗೆದುಹಾಕು. ಅದರ ಕೆಳಗೆ ಏಳು ಜನ ಇದಾರೆ."

ಕುರ್ಚಿ ಬಿದ್ದ ಸದ್ದು. ತೂರಿಯಾಳ ಕಣ್ಣ ಮುಂದೆ, ಕ್ಲೌಡ್‌ನ ಆ ಪರದೆಯಲ್ಲಿ, ನಡುಗುತ್ತಿದ್ದ ಬಾಣ ಫಕ್ಕನೆ ನಿಂತಿತು. ಆಮೇಲೆ ಹುಚ್ಚು ಹಿಡಿದಂತೆ ಹಾರಿತು. ಹ್ನಿಯಾಳ ಬಾಯಿಂದ "ಯಾ ರಬ್ಬೀ" ಎಂಬುದಷ್ಟೇ ಕೇಳಿಸಿತು. ಆರು ಐವತ್ತೊಂದು.

ಹ್ನಿಯಾ ಹೆದರಿದ್ದಳು, ಆದರೂ ಕೆಲಸ ಗೊತ್ತಿದ್ದವಳು. ರಕ್ಷಣಾ ಕೇಂದ್ರಕ್ಕೆ ಸಂದೇಶ ಕಳಿಸಿ, ಹತ್ತಿರದ ದೋಣಿ ಯಾವುದೆಂದು ಹುಡುಕಿ, ತೂರಿಯಾಳ ಕರೆಯನ್ನು ಕಡಿಯದೆಯೇ, ಅವಳಿಗೂ ಕೇಳುವಂತೆ, ಅದರ ರಾಯಿಸ್, ಅಂದರೆ ದೋಣಿಯ ನಾಯಕ, ಬೂಸೆಲ್ಹಾಮ್‌ನ ಫೋನಿಗೆ ಕರೆ ಮಾಡಿದಳು. ನಲವತ್ತು ವರ್ಷ ದೋಣಿ ನಡೆಸಿದವನು.

"ಯಾರವ್ವಾ ಅದು? ಬಾಯಲ್ಲಿ ತುತ್ತಿದೆ, ಆಮೇಲೆ ಮಾಡು."

"ಉಗಿದುಬಿಡಿ ರಾಯಿಸ್! ನಿಮ್ಮಿಂದ ಪಡುವಣಕ್ಕೆ ಐದು ಮೈಲಿ. ನೂರ್ ಅಲ್-ಗರ್ಬ್ ಮುಳುಗ್ತಿದೆ."

"ಈ ಮಂಜಲ್ಲಾ? ...ಯಾವಾಗ ಕರೆದ್ರು?"

ಬಾಣ ಆ ಸಣ್ಣ ಅಕ್ಷರಗಳ ಮೇಲೆ ನಿಂತದ್ದು ತೂರಿಯಾಳಿಗೆ ಕಂಡಿತು.

"ಹತ್ತು ನಿಮಿಷ ಆಯ್ತು," ಎಂದಳು ಹ್ನಿಯಾ.

ಆ ಕಡೆ ಎಂಜಿನ್ನಿನ ಸದ್ದು ಏರಿತು, ಫೋನು ಕಟ್ಟಾಯಿತು.

ಏಳು ಮೂವತ್ತೈದಕ್ಕೆ ಬೂಸೆಲ್ಹಾಮನೇ ಕರೆ ಮಾಡಿದ. ಅಷ್ಟರಲ್ಲಿ ತೂರಿಯಾಳ ಯಂತ್ರವೂ ಎದ್ದಿತ್ತು. ಅವನ ಕರೆಯನ್ನು ಎತ್ತಿದವಳು ಅವಳೇ.

"ಆರು ಜನ ಸಿಕ್ಕಿದ್ರು," ಎಂದ. "ಮೀನಿನ ಪೆಟ್ಟಿಗೆ ಹಿಡ್ಕೊಂಡು ತೇಲ್ತಿದ್ರು. ಅಡುಗೆಯವನು ಇಲ್ಲ, ಹಮ್ಮಾದಿ. ಸುತ್ತ ಹುಡುಕ್ತಾ ಇದೀವಿ, ಮಂಜು, ಕೈ ಚಾಚಿದ್ರೆ ಕೈ ಕಾಣಲ್ಲ."

"ಅವನನ್ನ ಕೊನೆಗೆ ಯಾವಾಗ ನೋಡಿದ್ರಂತೆ ರಾಯಿಸ್?"

"ನೋಡಿದ್ದಲ್ಲ, ಕೇಳಿದ್ದು. ನಾವು ಬರೋಕೆ ಹತ್ತು ನಿಮಿಷ ಮುಂಚೆವರೆಗೂ ಅವನ ದನಿ ಬರ್ತಿತ್ತಂತೆ."

ಹಮ್ಮಾದಿ ಸಿಗಲಿಲ್ಲ.

ಮಾರನೆಯ ಬೆಳಿಗ್ಗೆ ಜವಾದ್ ಫೋನ್ ಮಾಡಿದ. ಅವನ ದನಿಯಲ್ಲಿ ಎಂದಿನ ನಗೆ ಇರಲಿಲ್ಲ.

"ಲಲ್ಲಾ, ವರದಿ ನೀವೇ ಬರೀಬೇಕು. ಒಂದು ಮಾತು ಹೇಳ್ತೀನಿ, ತಪ್ಪು ತಿಳೀಬೇಡಿ. ಪಟ್ಟಿಯಲ್ಲಿ ಎಲ್ಲಾ ಹಸಿರು ಇತ್ತಲ್ಲ?"

"ಇತ್ತು."

"ಅಷ್ಟು ಬರೆದ್ರೆ ಸಾಕು. ಕಾವಲುಗಾರ್ತಿ ಹಾಜರಿದ್ಲು, ಮಂಜಿತ್ತು. ಸುಳ್ಳೇನಲ್ಲವಲ್ಲ."

ತೂರಿಯಾ ಅಪ್ಪನ ಕಡೆ ನೋಡಿದಳು. ಅವನು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಫೋನಿನ ದನಿ ಅವನಿಗೆ ಕೇಳಿಸಿತ್ತೋ ಇಲ್ಲವೋ, ಮುಖ ಮಾತ್ರ ಗೋಡೆಯ ಸುಣ್ಣದ ಬಣ್ಣಕ್ಕೆ ತಿರುಗಿತ್ತು.

"ಸುಳ್ಳಲ್ಲ ಜವಾದ್ ಸಾಹೇಬ್ರೇ," ಎಂದಳು. "ಆದರೆ ನಾನು ಬೇರೆ ಬರೀತೀನಿ."

ಹೀಗೆ ಬರೆದಳು: ಆರು ಇಪ್ಪತ್ತೆರಡರಿಂದ ಆರು ಐವತ್ತೊಂದರವರೆಗೆ ತರ್ಫಾಯಾದ ಪರದೆಯ ಮುಂದೆ ಯಾರೂ ಇರಲಿಲ್ಲ. ತರ್ಫಾಯಾದ ಪರದೆ ತರ್ಫಾಯಾದಲ್ಲೇ ಇರಲಿಲ್ಲ. ಮೊಬೈಲ್ ಇಂಟರ್‌ನೆಟ್ಟಿನಲ್ಲಿ ಯಾರು ಎಲ್ಲಿ ಕೂತರೂ ವಿಳಾಸ ಕಾಸಾಬ್ಲಾಂಕಾ ಎಂದೇ ತೋರುತ್ತದೆ. ಆದರೆ ಹೋಗಿಬರುವ ಕಾಲ ಎಂಟು ದಿನ ಮೊದಲೇ ತೊಂಬತ್ತನಾಲ್ಕರಿಂದ ಐವತ್ತೊಂದಕ್ಕೆ ಇಳಿದಿತ್ತು. ಬರ್ಕಾನಿನ ಬಳಿಯ ಊಜ್ದಾದವರ ಸಂಖ್ಯೆಯೂ ಐವತ್ತರ ಆಸುಪಾಸಿನದೇ. ಅದನ್ನು ಕಂಡು, ಬರೆದು, ಒಳ್ಳೆಯ ಸುದ್ದಿ ಎಂದುಕೊಂಡವಳು ನಾನು. ನೋಟ್‌ಬುಕ್ಕಿನ ಆ ಪುಟದ ಫೋಟೊ ತೆಗೆದು ಜೊತೆಗಿಟ್ಟಳು.

ವರದಿ ಮೇಲೆ ಹೋಯಿತು. ಮಧ್ಯಾಹ್ನಕ್ಕೆ ಹ್ನಿಯಾಳ ಸಾಲು ಪಟ್ಟಿಯಿಂದ ಅಳಿಸಿಹೋಯಿತು, ಆ ಜಾಗಕ್ಕೆ ಪಡುವಣ ಕಡೆಯ ತಾನ್‌ತಾನ್‌ನ ಒಬ್ಬನನ್ನು ಹಾಕಿದರು. ಉಳಿದ ಕಾವಲುಗಾರರಿಗೆ ಬಂದದ್ದು ಒಂದೇ ಸಾಲಿನ ಸಂದೇಶ: ತಾಂತ್ರಿಕ ಕಾರಣದಿಂದ ಪಾಳಿಯಲ್ಲಿ ಸಣ್ಣ ಬದಲಾವಣೆ. ಗಡಿಯಾರದ ಮಾತಿಲ್ಲ, ಹಮ್ಮಾದಿಯ ಹೆಸರಿಲ್ಲ. ತಿಳಿಸಬೇಕು ಎಂದು ತೂರಿಯಾ ಎರಡು ಸಲ ಬರೆದಳು. 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಎರಡು ಸಲ ಬಂತು.

ಹ್ನಿಯಾ ಸಂಜೆ ಒಂದು ಧ್ವನಿ ಸಂದೇಶ ಕಳಿಸಿದಳು. ಅಳು ಇರಲಿಲ್ಲ. "ಅಕ್ಕಾ, ಆ ಅಡುಗೆಯವರ ಮನೆ ಎಲ್ಲಿ ಅಂತ ಗೊತ್ತಾದ್ರೆ ಹೇಳಿ. ಹೋಗ್ಬೇಕು. ಹೋಗಿ ಏನ್ ಹೇಳ್ಲಿ ಅಂತ ಗೊತ್ತಿಲ್ಲ."

ತೂರಿಯಾ ಅದನ್ನು ಕೇಳಿ ಮುಗಿಸಿ ಗಡಿಯಾರ ನೋಡಿದಳು. ಆರು ಮೂವತ್ತು. ಮೂಡಣದಲ್ಲಿ ಅಜಾನ್ ಆಗಿ ಹತ್ತು ನಿಮಿಷ. ಊಜ್ದಾದ ಇಬ್ಬರು, ಗೆರ್ಸಿಫ್‌ನ ಒಬ್ಬಳು ಈಗ ಉಣ್ಣುತ್ತಿರಬೇಕು. ಪಟ್ಟಿ ನೋಡಿದಳು. ಒಂಬತ್ತೂ ಹಸಿರು. ಹತ್ತು ದಿನ ತನಗೆ ನೆಮ್ಮದಿ ಕೊಟ್ಟ ಅದೇ ಹಸಿರು.

ಊಜ್ದಾದ ಮೊದಲನೆಯವನ ಪರದೆ ತೆರೆದಳು. ನಕ್ಷೆಯ ಮೂಲೆಯಲ್ಲಿ ಬಾಣ ನಡುಗುತ್ತಿತ್ತು. ಎರಡನೆಯವನದು ತೆರೆದಳು. ನಡುಗುತ್ತಿತ್ತು. ಗೆರ್ಸಿಫ್ ತೆರೆದಳು. ಅಲ್ಲೂ ನಡುಗುತ್ತಿತ್ತು. ಇವರು ಉಣ್ಣಲು ಎದ್ದದ್ದು ತಪ್ಪಲ್ಲ, ಅದು ಇವರ ಪಾಲಿನ ಹೊತ್ತು. ಆದರೆ ಇನ್ನೂ ಉಪವಾಸ ಬಿಡದ ಫೆಸ್‌ನ ಬಾಣವೂ ನಡುಗುತ್ತಿದ್ದುದು ಏಕೆ? ಹೊತ್ತಿಗೆ ಮುಂಚೆ ಎದ್ದುಹೋಗಿ ತಟ್ಟೆ ಜೋಡಿಸುತ್ತಿರಬೇಕು. ತಾನ್‌ತಾನ್‌ನ ಹೊಸಬನದು ತೆರೆದಳು. ಅದು ಹಲ್ಲುಹಲ್ಲಾಗಿ ಓಡಾಡುತ್ತಿತ್ತು, ಸದ್ಯಕ್ಕೆ.

"ಅಪ್ಪಾ, ಸ್ವಲ್ಪ ಬಾ ಇಲ್ಲಿ."

ಅಲ್ಲಾಲ್ ಬಂದು ಬಗ್ಗಿ ನೋಡಿದ. ಪರದೆಯ ಮೇಲೆ ಅವಳು ನಾಲ್ಕು ಕಿಟಕಿಗಳನ್ನು ಪಕ್ಕಪಕ್ಕ ಇಟ್ಟಿದ್ದಳು. ನಾಲ್ಕರಲ್ಲೂ ಬಾಣ. ಅವನು ವಿವರ ಕೇಳಲಿಲ್ಲ. ಅವಳ ಕಾವಲು ಯಂತ್ರ ತೆರೆದಿದ್ದ ಪಕ್ಕದ ಪರದೆಯ ಮುಂದೆ ಕುರ್ಚಿ ಎಳೆದು ಕೂತ, ಹೆಡ್‌ಫೋನು ತೆಗೆದು ಕಿವಿಗೆ ಏರಿಸಿಕೊಂಡ.

"ಯಾವುದು ಕೆಂಪಾದ್ರೆ ನಿನಗೆ ಹೇಳ್ಬೇಕು?"

"ಯಾವುದಾದ್ರೂ."

ತೂರಿಯಾ ಫೆಸ್‌ನವನ ನಂಬರು ಒತ್ತಿದಳು. ಹೊರಗೆ ಮಂಜು ಮತ್ತೆ ಮಹಡಿ ಹತ್ತುತ್ತಿತ್ತು. ರಿಂಗಾಗಿ ನಿಂತಿತು. ಮತ್ತೆ ಒತ್ತಿದಳು. ಅಲ್ಲಾಲ್ ಕಣ್ಣು ಮುಚ್ಚಿ, ಒಂದು ಕೈಯಿಂದ ಕಿವಿಯನ್ನು ಬಿಗಿಯಾಗಿ ಒತ್ತಿಹಿಡಿದು ಕೇಳುತ್ತಿದ್ದ. ನಾಲ್ಕು ಕಿಟಕಿಗಳಲ್ಲೂ ಬಾಣಗಳು ಒಂದೇ ಲಯದಲ್ಲಿ ನಡುಗುತ್ತಿದ್ದವು. ಆರು ಮೂವತ್ತೊಂಬತ್ತಕ್ಕೆ ಇನ್ನು ಐದು ನಿಮಿಷ ಇತ್ತು. ಫೋನ್ ರಿಂಗಾಗುತ್ತಲೇ ಇತ್ತು.